ಕರೆಂಟ್ ಹೋಗಿ ಬಂದ್ರೆ ಪ್ರಿಂಟರ್ ‘ಆಫ್‌ಲೈನ್’ ಆಗೋದ್ಯಾಕೆ? ರಿಪೇರಿಯವರಿಗೆ ಫೋನ್ ಮಾಡೋ ಮೊದಲು ಇದನ್ನು ಓದಿ

ಸೋಮವಾರ ಬೆಳಗ್ಗೆ ಹತ್ತೂವರೆ. ತಾಲ್ಲೂಕು ಕಚೇರಿ ರಸ್ತೆಯ ಒಂದು ಜೆರಾಕ್ಸ್ ಅಂಗಡಿ ಮುಂದೆ ಎಂಟತ್ತು ಜನ ನಿಂತಿದ್ದಾರೆ. ಒಬ್ಬರಿಗೆ ಪಹಣಿ ಬೇಕು, ಇನ್ನೊಬ್ಬರಿಗೆ ಜಾತಿ-ಆದಾಯ ಪ್ರಮಾಣಪತ್ರ, ಇಬ್ಬರು ಹುಡುಗಿಯರಿಗೆ ಹಾಲ್ ಟಿಕೆಟ್. ಅಂಗಡಿಯವರು ಲ್ಯಾಪ್‌ಟಾಪ್‌ನಿಂದ ಪ್ರಿಂಟ್ ಕೊಟ್ಟಿದ್ದಾರೆ. ಮಷಿನ್‌ನಲ್ಲಿ ಲೈಟ್ ಉರೀತಿದೆ, ಇಂಕ್ ಇದೆ, ಪೇಪರ್ ಇದೆ. ಆದ್ರೆ ಪರದೆ ಮೇಲೆ ಒಂದೇ ಮಾತು: ‘ಪ್ರಿಂಟರ್ ಆಫ್‌ಲೈನ್’. ಶನಿವಾರ ಸಂಜೆವರೆಗೂ ಎಲ್ಲ ಸರಿ ಇತ್ತು. ಭಾನುವಾರ ರಾತ್ರಿ ಮಳೆಗೆ ಕರೆಂಟ್ ಹೋಗಿ ಬಂದಿದ್ದು ಬಿಟ್ರೆ ಬೇರೇನೂ ಆಗಿಲ್ಲ.

ಜನ ಕಾಯ್ತಿದ್ದಾರೆ ಅನ್ನೋ ಗಡಿಬಿಡಿಯಲ್ಲಿ ಅಂಗಡಿಯವರು ಗೂಗಲ್‌ನಲ್ಲಿ ಪ್ರಿಂಟರ್ ಕಂಪನಿ ಹೆಸರು ಹಾಕಿ ‘ಕಸ್ಟಮರ್ ಕೇರ್’ ಅಂತ ಹುಡುಕಿದ್ರು. ಮೊದಲು ಕಂಡ ನಂಬರ್‌ಗೆ ಫೋನ್ ಮಾಡಿದ್ರು. ಆ ಕಡೆಯವನು ಹಿಂದಿಯಲ್ಲಿ, ‘ನಿಮ್ಮ ಪ್ರಿಂಟರ್‌ನ ವೈರ್‌ಲೆಸ್ ಲೈಸೆನ್ಸ್ ಮುಗಿದಿದೆ. 1,999 ರೂಪಾಯಿ ಕಟ್ಟಿ, ಮೊಬೈಲ್‌ಗೆ ನಾನು ಹೇಳೋ ಆ್ಯಪ್ ಹಾಕ್ಕೊಳ್ಳಿ’ ಅಂದ. ಆ್ಯಪ್ ಅರ್ಧ ಡೌನ್‌ಲೋಡ್ ಆಗಿತ್ತು. ಅಷ್ಟರಲ್ಲಿ ಪಕ್ಕದ ಮೊಬೈಲ್ ಅಂಗಡಿ ಹುಡುಗ ಬಂದು, ‘ಅಣ್ಣಾ, ತಡೀರಿ. ವೈಫೈಗೆ ಎಲ್ಲಿಯ ಲೈಸೆನ್ಸು?’ ಅಂತ ಫೋನ್ ಕಟ್ ಮಾಡಿಸಿದ. ಆಮೇಲೆ ಪ್ರಿಂಟರ್‌ನಿಂದಲೇ ಒಂದು ಹಾಳೆ ತೆಗೆದ, ಅದರಲ್ಲಿದ್ದ ಒಂದು ನಂಬರ್ ನೋಡಿದ, ಲ್ಯಾಪ್‌ಟಾಪ್‌ನಲ್ಲಿ ಒಂದು ಕಡೆ ಬದಲಿಸಿದ. ಕಾಲು ಗಂಟೆಯೊಳಗೆ ಪಹಣಿ ಹೊರಗೆ ಬಂತು.

ಇಂಥ ಪ್ರಸಂಗ ಆ ಒಂದು ಅಂಗಡಿಯದಲ್ಲ. ಊರಿಗೆ ಫೈಬರ್ ಇಂಟರ್ನೆಟ್ ಬಂದ ಮೇಲೆ ವೈಫೈ ಇರೋ ಇಂಕ್ ಟ್ಯಾಂಕ್ ಪ್ರಿಂಟರ್ ತಂದುಕೊಂಡ ಮನೆಗಳೂ ಅಂಗಡಿಗಳೂ ಬಹಳ. ‘ಕನೆಕ್ಟ್ ಆಗ್ತಿಲ್ಲ’ ಅನ್ನೋ ದೂರಿನಲ್ಲಿ ಬಹುಪಾಲು ಸಲ ಪ್ರಿಂಟರ್ ಕೆಟ್ಟಿರೋದೇ ಇಲ್ಲ. ಅದಕ್ಕೂ ವೈಫೈಗೂ ನಡುವೆ ಸಂಪರ್ಕ ತಪ್ಪಿರುತ್ತೆ, ಅಷ್ಟೇ.

ಲಾಡ್ಜ್ ರೂಮ್ ಲೆಕ್ಕ

ಇದನ್ನು ಅರ್ಥ ಮಾಡ್ಕೊಳ್ಳೋಕೆ ಒಂದು ಲಾಡ್ಜ್ ನೆನೆಸಿಕೊಂಡ್ರೆ ಸಾಕು. ಗೋಡೆಗೆ ಹೊಡೆದಿರೋ ರೂಟರ್, ಅಂದ್ರೆ ವೈಫೈ ಡಬ್ಬಿ, ಲಾಡ್ಜ್‌ನ ಮ್ಯಾನೇಜರ್ ಇದ್ದಂತೆ. ಮೊಬೈಲು, ಲ್ಯಾಪ್‌ಟಾಪು, ಟಿವಿ, ಪ್ರಿಂಟರ್ ಯಾವುದೇ ಒಳಗೆ ಬಂದ್ರೂ ಒಂದೊಂದು ರೂಮ್ ನಂಬರ್ ಕೊಡುತ್ತೆ. ಅದನ್ನೇ ಐಪಿ ಅಡ್ರೆಸ್ ಅನ್ನೋದು. 192.168.1.4 ಅಂತಲೋ 192.168.29.7 ಅಂತಲೋ ಇರುತ್ತೆ.

ಕರೆಂಟ್ ಹೋದಾಗ ಎಲ್ಲರೂ ಲಾಡ್ಜ್ ಖಾಲಿ ಮಾಡಿದಂಗೆ. ವಾಪಸ್ ಬಂದಾಗ ಯಾರು ಮೊದಲು ಬರ್ತಾರೋ ನೋಡಿಕೊಂಡು ಮ್ಯಾನೇಜರ್ ಮತ್ತೆ ರೂಮ್ ಹಂಚಬಹುದು. ನಿನ್ನೆ 4ನೇ ರೂಮ್‌ನಲ್ಲಿದ್ದ ಪ್ರಿಂಟರ್ ಇವತ್ತು 7ನೇ ರೂಮ್‌ಗೆ ಹೋಗಿರುತ್ತೆ. ಆದ್ರೆ ಲ್ಯಾಪ್‌ಟಾಪ್ ಇನ್ನೂ 4ನೇ ರೂಮ್ ಬಾಗಿಲನ್ನೇ ಬಡೀತಿರುತ್ತೆ. ಒಳಗಿಂದ ಉತ್ತರ ಇಲ್ಲ. ಆಗ ಅದು ‘ಆಫ್‌ಲೈನ್’ ಅನ್ನುತ್ತೆ. ಜೆರಾಕ್ಸ್ ಅಂಗಡಿಯಲ್ಲಿ ಆಗಿದ್ದು ಇಷ್ಟೇ.

ಇನ್ನೊಂದು ರೀತಿಯ ಎಡವಟ್ಟೂ ಇದೆ. ಕರೆಂಟ್ ಬಂದ ತಕ್ಷಣ ಪ್ರಿಂಟರ್ ಅರ್ಧ ನಿಮಿಷ, ಒಂದು ನಿಮಿಷಕ್ಕೆ ಎದ್ದು ಕೂರುತ್ತೆ. ಫೈಬರ್ ಡಬ್ಬಿ ಪೂರ್ತಿ ಎದ್ದೇಳೋಕೆ ಸಾಮಾನ್ಯವಾಗಿ ಎರಡು ಮೂರು ನಿಮಿಷ ಬೇಕು. ಪ್ರಿಂಟರ್ ವೈಫೈ ಹುಡುಕುವಾಗ ವೈಫೈ ಇನ್ನೂ ಹುಟ್ಟಿರಲ್ಲ. ಕೆಲವು ಮಾಡೆಲ್‌ಗಳು ಮತ್ತೆ ಮತ್ತೆ ಹುಡುಕುತ್ತವೆ, ಕೆಲವು ಒಂದಷ್ಟು ಹೊತ್ತು ನೋಡಿ ಸುಮ್ಮನಾಗಿಬಿಡುತ್ತವೆ. ಹಾಗಾಗಿ ಕರೆಂಟ್ ಬಂದ ಮೇಲೆ ಮೊದಲು ರೂಟರ್‌ನ ಲೈಟ್‌ಗಳು ಎಂದಿನಂತೆ ನಿಲ್ಲಲಿ. ಆಮೇಲೆ ಪ್ರಿಂಟರ್ ಆನ್ ಮಾಡಿ, ಕೊನೆಗೆ ಲ್ಯಾಪ್‌ಟಾಪ್. ಈ ಕ್ರಮ ಒಂದೇ ಅನುಸರಿಸಿದ್ರೂ ಎಷ್ಟೋ ಸಲ ತೊಂದರೆ ತಪ್ಪುತ್ತೆ.

ಪ್ರಿಂಟರ್ ಆಫ್ ಮಾಡುವಾಗ ಗೋಡೆ ಸ್ವಿಚ್ ಒತ್ತಬೇಡಿ, ಮಷಿನ್ ಮೇಲಿನ ಪವರ್ ಬಟನ್ನೇ ಒತ್ತಿ. ಆಗ ಅದು ಇಂಕ್ ಹೆಡ್ಡನ್ನು ಅದರ ಜಾಗಕ್ಕೆ ತಂದು ಮುಚ್ಚಿಕೊಂಡು ಮಲಗುತ್ತೆ. ಸುಮ್ಮನೆ ಸ್ವಿಚ್ ಕಿತ್ರೆ ಹೆಡ್ ತೆರೆದೇ ಉಳಿದು ಇಂಕ್ ಒಣಗೋ ಸಾಧ್ಯತೆ ಇದೆ. ಇದು ವೈಫೈ ವಿಚಾರ ಅಲ್ಲ, ಆದ್ರೂ ಹೆಡ್ ಬದಲಿಸೋ ಖರ್ಚು ಗೊತ್ತಿದ್ದವರಿಗೆ ಇದರ ಬೆಲೆ ಗೊತ್ತು.

ಮೊದಲ ಸಲ ಜೋಡಿಸುವಾಗ

ಹೊಸ ಪ್ರಿಂಟರ್ ತಂದ ಮನೆಗಳಲ್ಲಿ ಸಿಕ್ಕಿಹಾಕಿಕೊಳ್ಳೋ ಜಾಗ ಬೇರೆ. ಈಗಿನ ಫೈಬರ್ ಡಬ್ಬಿಗಳು ಎರಡು ತರಂಗಗಳಲ್ಲಿ ವೈಫೈ ಕೊಡುತ್ತವೆ, 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಮನೆ ಬಳಕೆಯ ಬಹಳಷ್ಟು ಇಂಕ್ ಟ್ಯಾಂಕ್ ಪ್ರಿಂಟರ್‌ಗಳಿಗೆ 2.4 ಮಾತ್ರ ಗೊತ್ತು. 5ರದ್ದು ಅವುಗಳ ಕಣ್ಣಿಗೇ ಬೀಳಲ್ಲ. ಹೊಸ ಕೆಲವು ಮಾಡೆಲ್‌ಗಳಿಗೆ ಎರಡೂ ಗೊತ್ತು, ಡಬ್ಬದ ಮೇಲೆ ಬರೆದಿರುತ್ತೆ.

ಕೆಲವು ಮನೆಗಳಲ್ಲಿ ಎರಡು ವೈಫೈ ಹೆಸರು ಕಾಣುತ್ತೆ, ಒಂದರ ಕೊನೆಗೆ ‘5ಜಿ’ ಅಂತ ಇರುತ್ತೆ. ಇದಕ್ಕೂ ಮೊಬೈಲ್ ಟವರ್‌ನ 5ಜಿಗೂ ಸಂಬಂಧವೇ ಇಲ್ಲ. ‘ನಮ್ಮ ಮೊಬೈಲ್ 5ಜಿ, ಹಂಗಾಗಿ 5ಜಿ ವೈಫೈಗೇ ಹಾಕಿದೀವಿ’ ಅನ್ನೋರು ಬೇಕಾದಷ್ಟು. ಪ್ರಿಂಟರ್ ಜೋಡಿಸುವಾಗ ಮೊಬೈಲನ್ನು ಆ ‘5ಜಿ’ ಇಲ್ಲದ ಹೆಸರಿಗೆ ಹಾಕಿ. ಯಾಕಂದ್ರೆ ಪ್ರಿಂಟರ್‌ನ ಆ್ಯಪ್ ನಿಮ್ಮ ಮೊಬೈಲ್ ಯಾವ ವೈಫೈನಲ್ಲಿದೆಯೋ ಅದರ ಹೆಸರು, ಪಾಸ್‌ವರ್ಡನ್ನೇ ಪ್ರಿಂಟರ್‌ಗೆ ದಾಟಿಸೋಕೆ ನೋಡುತ್ತೆ. ಒಮ್ಮೆ ಪ್ರಿಂಟರ್ ಒಳಗೆ ಬಂದ ಮೇಲೆ ಮೊಬೈಲನ್ನು 5ಕ್ಕೆ ವಾಪಸ್ ಹಾಕ್ಕೊಂಡ್ರೂ ಪ್ರಿಂಟ್ ಬರುತ್ತೆ. ಎರಡೂ ಒಂದೇ ರೂಟರ್‌ನ ಮನೆಮಕ್ಕಳೇ.

ಎರಡಕ್ಕೂ ಒಂದೇ ಹೆಸರು ಇಟ್ಟಿರೋ ರೂಟರ್‌ನಲ್ಲಿ ಗೊಂದಲ ಜಾಸ್ತಿ. ಮೊಬೈಲ್ ತಾನಾಗೇ 5ಕ್ಕೆ ಹತ್ತಿಕೊಂಡಿರುತ್ತೆ, ಪ್ರಿಂಟರ್ ಹುಡುಕಿ ಸೋಲುತ್ತೆ. ಆಗ ರೂಟರ್ ಸೆಟ್ಟಿಂಗ್‌ನಲ್ಲಿ 5 ಗಿಗಾಹರ್ಟ್ಸನ್ನು ಹತ್ತು ನಿಮಿಷ ಆಫ್ ಮಾಡಿ, ಪ್ರಿಂಟರ್ ಜೋಡಿಸಿ, ಮತ್ತೆ ಆನ್ ಮಾಡಬಹುದು. ಸೆಟ್ಟಿಂಗ್ ಪುಟ ತೆಗೆಯೋಕೆ ಮೊಬೈಲ್ ಬ್ರೌಸರ್‌ನಲ್ಲಿ 192.168.1.1 ಅಂತ ಹೊಡೆದ್ರೆ ಬಹುತೇಕ ಡಬ್ಬಿಗಳಲ್ಲಿ ಬರುತ್ತೆ, ಜಿಯೋ ಫೈಬರ್ ಆದ್ರೆ 192.168.29.1. ಕೇಬಲ್‌ನವರು ಕೊಟ್ಟ ಡಬ್ಬಿಯ ಪಾಸ್‌ವರ್ಡ್ ಅದರ ತಳದ ಚೀಟಿಯಲ್ಲಿರುತ್ತೆ. ಇಲ್ಲದಿದ್ರೆ ಲೈನ್‌ಮ್ಯಾನ್‌ನನ್ನೇ ಕೇಳಿ ಪಡ್ಕೊಳ್ಳಿ, ಅದನ್ನು ಕೊಡದೇ ಇರೋಕೆ ಕಾರಣ ಏನೂ ಇಲ್ಲ.

ಆ್ಯಪ್ ಮೂಲಕ ಜೋಡಿಸೋದು ಇವತ್ತಿನ ರೂಢಿ. ಎಚ್‌ಪಿ, ಎಪ್ಸನ್, ಕ್ಯಾನನ್, ಬ್ರದರ್ ಎಲ್ಲದಕ್ಕೂ ಅವರವರ ಆ್ಯಪ್ ಪ್ಲೇಸ್ಟೋರ್‌ನಲ್ಲಿ ಉಚಿತವಾಗೇ ಇದೆ. ಹಾಕ್ಕೊಳ್ಳುವಾಗ ಕೆಳಗೆ ಕಂಪನಿ ಹೆಸರು ಇದೆಯಾ ನೋಡಿ, ಅದೇ ಹೆಸರು ಹೋಲೋ ಬೇರೆಯವರ ಆ್ಯಪ್‌ಗಳೂ ಇರ್ತವೆ. ಆ್ಯಪ್ ‘ಲೊಕೇಶನ್’ ಕೇಳಿದ್ರೆ ಅನುಮತಿ ಕೊಡಿ, ಮೊಬೈಲ್‌ನ ಲೊಕೇಶನ್ನೂ ಆನ್ ಇರಲಿ. ಆಂಡ್ರಾಯ್ಡ್‌ನಲ್ಲಿ ಅದಿಲ್ಲದೆ ಸುತ್ತಲಿನ ವೈಫೈ ಪಟ್ಟಿ ಆ್ಯಪ್‌ಗೆ ಕಾಣಲ್ಲ, ‘ಪ್ರಿಂಟರ್ ಸಿಗಲಿಲ್ಲ’ ಅಂತಲೇ ಬರುತ್ತೆ. ನಡುವೆ ಮೊಬೈಲ್ ಪ್ರಿಂಟರ್‌ನ ಸ್ವಂತ ವೈಫೈಗೆ ಹೋಗಿ, ‘ಇದರಲ್ಲಿ ಇಂಟರ್ನೆಟ್ ಇಲ್ಲ, ಹಾಗೇ ಇರಲಾ?’ ಅಂತ ಕೇಳಬಹುದು. ಹೂಂ ಅನ್ನಿ. ಬೇಡ ಅಂದ್ರೆ ಅಲ್ಲಿಗೇ ನಿಲ್ಲುತ್ತೆ. ಮೊಬೈಲ್ ಡೇಟಾ ಸ್ವಲ್ಪ ಹೊತ್ತು ಆಫ್ ಮಾಡಿಟ್ರೆ ಇನ್ನೂ ಒಳ್ಳೇದು.

ಆ್ಯಪ್ ಕಾಟ ಕೊಟ್ರೆ ಡಬ್ಲ್ಯುಪಿಎಸ್ ಬಟನ್ ಇದೆ. ರೂಟರ್ ಹಿಂದೆ ಆ ಹೆಸರಿನ ಗುಂಡಿ ಇದ್ರೆ ಅದನ್ನು ಒತ್ತಿ, ಎರಡು ನಿಮಿಷದೊಳಗೆ ಪ್ರಿಂಟರ್‌ನ ವೈಫೈ ಗುಂಡಿಯನ್ನು ಲೈಟ್ ಮಿನುಗೋವರೆಗೆ ಒತ್ತಿ ಹಿಡೀರಿ. ಪಾಸ್‌ವರ್ಡ್ ಹೊಡೆಯೋ ಕೆಲಸವೇ ಇಲ್ಲ. ಎಷ್ಟು ಸೆಕೆಂಡ್ ಹಿಡೀಬೇಕು ಅನ್ನೋದು ಮಾಡೆಲ್‌ಗೊಂದು ಥರ, ಜೊತೆಗೆ ಬಂದ ಪುಸ್ತಕದಲ್ಲಿದೆ. ಆ ಪುಸ್ತಕವನ್ನು ಡಬ್ಬದ ಜೊತೆ ಗುಜರಿಗೆ ಹಾಕಿರ್ತಾರೆ ಅನ್ನೋದು ಬೇರೆ ಮಾತು.

ಇಷ್ಟಾದ್ರೂ ಹೊಸ ರೂಟರ್‌ಗೆ ಹಳೇ ಪ್ರಿಂಟರ್ ಹತ್ತದಿದ್ರೆ ರೂಟರ್‌ನ ಸೆಕ್ಯುರಿಟಿ ನೋಡಬೇಕು. ಅಲ್ಲಿ ‘ಡಬ್ಲ್ಯುಪಿಎ3’ ಮಾತ್ರ ಅಂತಿದ್ರೆ ಹಳೇ ಮಷಿನ್‌ಗಳಿಗೆ ಆ ಭಾಷೆ ಬರಲ್ಲ. ‘ಡಬ್ಲ್ಯುಪಿಎ2’ ಅಥವಾ ಎರಡೂ ಸೇರಿರೋ ಆಯ್ಕೆ ಹಾಕಿದ್ರೆ ಸಾಮಾನ್ಯವಾಗಿ ದಾರಿ ಸಿಗುತ್ತೆ. ಬೀಗ ಬೇಡವೇ ಬೇಡ ಅಂತ ಪಾಸ್‌ವರ್ಡ್ ತೆಗೆದು ಓಪನ್ ಬಿಡೋ ಕೆಲಸ ಮಾತ್ರ ಮಾಡಬೇಡಿ.

ಕನೆಕ್ಷನ್ ಬದಲಿಸೋರಿಗೆ ಒಂದು ಸುಲಭದ ಉಪಾಯ. ಹೊಸ ರೂಟರ್ ಹಾಕೋಕೆ ಬಂದವರಿಗೆ, ‘ಹಳೇ ವೈಫೈ ಹೆಸರು, ಹಳೇ ಪಾಸ್‌ವರ್ಡನ್ನೇ ಇಡಪ್ಪಾ’ ಅನ್ನಿ. ಅಕ್ಷರ, ದೊಡ್ಡದು-ಚಿಕ್ಕದು ಎಲ್ಲ ಒಂದೇ ಇರಬೇಕು. ಪ್ರಿಂಟರ್, ಟಿವಿ, ಸಿಸಿ ಕ್ಯಾಮೆರಾ ಎಲ್ಲ ಬಹುತೇಕ ತಾವೇ ಹತ್ತಿಕೊಳ್ಳುತ್ತವೆ. ಒಂದೊಂದಕ್ಕೂ ಮತ್ತೆ ಪಾಸ್‌ವರ್ಡ್ ಹೊಡೆಯೋ ಪಾಡು ತಪ್ಪುತ್ತೆ.

ಒಂದೇ ರೂಮ್ ಕಾಯಂ ಮಾಡಿಸೋದು

ಜೆರಾಕ್ಸ್ ಅಂಗಡಿಯ ವಿಷಯಕ್ಕೆ ವಾಪಸ್ ಬಂದ್ರೆ, ಆ ಹುಡುಗ ತೆಗೆದ ಹಾಳೆ ‘ನೆಟ್‌ವರ್ಕ್ ರಿಪೋರ್ಟ್’. ಹೆಚ್ಚಿನ ಪ್ರಿಂಟರ್‌ಗಳಲ್ಲಿ ವೈಫೈ ಅಥವಾ ‘ಐ’ ಚಿಹ್ನೆಯ ಗುಂಡಿ ಒತ್ತಿದ್ರೆ ಅದು ಬರುತ್ತೆ. ಅದರಲ್ಲಿ ಎರಡು ಸಾಲು ಮುಖ್ಯ. ಒಂದು, ಯಾವ ವೈಫೈ ಹೆಸರಿಗೆ ಹತ್ತಿದೆ. ಎರಡು, ಐಪಿ ಅಡ್ರೆಸ್. ಅಡ್ರೆಸ್ 169.254 ಅಂತ ಶುರುವಾಗಿದ್ರೆ ರೂಟರ್ ರೂಮೇ ಕೊಟ್ಟಿಲ್ಲ ಅಂತ ಅರ್ಥ. ಆಗ ರೂಟರ್ ಆಫ್-ಆನ್ ಮಾಡಿ ಮೊದಲಿಂದ ನೋಡಬೇಕು.

ಅಡ್ರೆಸ್ ಸರಿ ಇದ್ದೂ ಲ್ಯಾಪ್‌ಟಾಪ್ ಆಫ್‌ಲೈನ್ ಅಂದ್ರೆ ಲ್ಯಾಪ್‌ಟಾಪ್‌ಗೆ ಹೊಸ ರೂಮ್ ನಂಬರ್ ಹೇಳಬೇಕು. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ ‘ಪ್ರಿಂಟರ್ಸ್ ಆ್ಯಂಡ್ ಸ್ಕ್ಯಾನರ್ಸ್’ಗೆ ಹೋಗಿ, ನಿಮ್ಮ ಪ್ರಿಂಟರ್ ಒತ್ತಿ, ‘ಪ್ರಿಂಟರ್ ಪ್ರಾಪರ್ಟೀಸ್’ ತೆಗೆದು ‘ಪೋರ್ಟ್ಸ್’ಗೆ ಬನ್ನಿ. ‘ಆ್ಯಡ್ ಪೋರ್ಟ್’, ಆಮೇಲೆ ‘ಸ್ಟ್ಯಾಂಡರ್ಡ್ ಟಿಸಿಪಿ ಐಪಿ ಪೋರ್ಟ್’. ಅಲ್ಲಿ ಹಾಳೆಯಲ್ಲಿರೋ ಅಡ್ರೆಸ್ ಹೊಡೀರಿ. ಇಷ್ಟೆಲ್ಲ ಬೇಡ ಅನ್ನಿಸಿದ್ರೆ ಆ ಪ್ರಿಂಟರನ್ನು ಪಟ್ಟಿಯಿಂದ ತೆಗೆದು ಮತ್ತೆ ಸೇರಿಸಿ, ಅದೂ ನಡೆಯುತ್ತೆ. ಸರಿ ಮಾಡೋ ಮುಂಚೆ ಸಾಲಲ್ಲಿ ನಿಂತಿರೋ ಹಳೇ ಪ್ರಿಂಟ್‌ಗಳನ್ನು ಕ್ಯಾನ್ಸಲ್ ಮಾಡಿ. ಇಲ್ಲಾಂದ್ರೆ ಸಂಪರ್ಕ ಬಂದ ಕೂಡಲೇ ಒಂದೇ ಪಹಣಿ ಆರು ಸಲ ಬಂದು ಪೇಪರ್ ದಂಡ.

ಆದ್ರೆ ಇದು ಮುಂದಿನ ಸಲ ಕರೆಂಟ್ ಹೋಗೋವರೆಗೆ ಮಾತ್ರ. ಮಳೆಗಾಲದಲ್ಲಿ ದಿನಕ್ಕೆ ಮೂರು ಸಲ ಕೆಇಬಿಯವರು ತೆಗೆದು ಹಾಕಿದ್ರೆ ಮೂರು ಸಲವೂ ಇದನ್ನೇ ಮಾಡ್ತಾ ಕೂರೋಕಾಗಲ್ಲ. ಕಾಯಂ ಪರಿಹಾರ ರೂಟರ್‌ನಲ್ಲಿದೆ. ರೂಟರ್‌ನ ಸೆಟ್ಟಿಂಗ್ ಪುಟದಲ್ಲಿ ಲ್ಯಾನ್ ಅಥವಾ ಡಿಎಚ್‌ಸಿಪಿ ಅನ್ನೋ ಕಡೆ ‘ಅಡ್ರೆಸ್ ರಿಸರ್ವೇಶನ್’ ಅಥವಾ ‘ಸ್ಟ್ಯಾಟಿಕ್ ಡಿಎಚ್‌ಸಿಪಿ’ ಅಂತ ಇರುತ್ತೆ. ಅಲ್ಲಿ ಪ್ರಿಂಟರನ್ನು ಆರಿಸಿ ಒಂದು ಅಡ್ರೆಸ್ ಕಟ್ಟಿಬಿಡಿ. ಪ್ರಿಂಟರ್ ಯಾವುದು ಅಂತ ಗುರುತಿಸೋಕೆ ಅದೇ ರಿಪೋರ್ಟ್ ಹಾಳೆಯಲ್ಲಿ ಹನ್ನೆರಡು ಅಕ್ಷರ-ಅಂಕಿಗಳ ‘ಮ್ಯಾಕ್ ಅಡ್ರೆಸ್’ ಇರುತ್ತೆ. ಇನ್ಮೇಲೆ ಎಷ್ಟು ಸಲ ಕರೆಂಟ್ ಹೋಗಿ ಬಂದ್ರೂ 7ನೇ ರೂಮ್ ಪ್ರಿಂಟರ್‌ಗೇ ಮೀಸಲು. ಈ ಒಂದು ಕೆಲಸಕ್ಕೆ ಬೇಕಾದ್ರೆ ತಿಳಿದವರಿಗೆ ದುಡ್ಡು ಕೊಟ್ರೂ ಮೋಸವಿಲ್ಲ, ಒಂದೇ ಸಲದ ಖರ್ಚು.

ರೂಟರ್‌ಗೆ ಚಿಕ್ಕ ಯುಪಿಎಸ್ ಹಾಕಿದ್ರೆ ಅರ್ಧ ತಲೆನೋವು ಅಲ್ಲಿಗೇ ಹೋಗುತ್ತೆ. ಲೇಸರ್ ಪ್ರಿಂಟರನ್ನು ಮಾತ್ರ ಅಂಥ ಸಣ್ಣ ಯುಪಿಎಸ್‌ಗೆ ಹಾಕಬೇಡಿ. ಒಳಗಿನ ರೋಲರ್ ಬಿಸಿಯಾಗುವಾಗ ಒಮ್ಮೆಗೇ ಬಹಳ ಕರೆಂಟ್ ಎಳೆಯುತ್ತೆ, ಯುಪಿಎಸ್ ತಡೆಯಲ್ಲ.

ವೈಫೈಯೇ ಇಲ್ಲದ ಮನೆಯಲ್ಲಿ

ಹಳ್ಳಿ ಕಡೆ ಎಷ್ಟೋ ಮನೆಗಳಲ್ಲಿ ರೂಟರ್ ಇಲ್ಲ, ಮೊಬೈಲ್ ಡೇಟಾ ಒಂದೇ. ಅವರೂ ವೈರ್ ಇಲ್ಲದೆ ಪ್ರಿಂಟ್ ತೆಗೀಬಹುದು. ‘ವೈಫೈ ಡೈರೆಕ್ಟ್’ ಅಂತ ಪ್ರಿಂಟರ್ ತಾನೇ ಒಂದು ವೈಫೈ ಬಿಡುತ್ತೆ, ಅದರ ಹೆಸರು ‘ಡೈರೆಕ್ಟ್’ ಅಂತ ಶುರುವಾಗುತ್ತೆ. ಮೊಬೈಲನ್ನು ಅದಕ್ಕೆ ಹಾಕಿ ಪ್ರಿಂಟ್ ಕೊಡಿ. ಅದಕ್ಕೆ ಹಾಕಿರುವಾಗ ಇಂಟರ್ನೆಟ್ ನಿಲ್ಲಬಹುದು, ಹಾಗಾಗಿ ಬೇಕಾದ ಪಿಡಿಎಫ್ ಮೊದಲೇ ಇಳಿಸಿಟ್ಕೊಳ್ಳಿ.

ಮನೆಯವರ ಮೊಬೈಲ್ ಹಾಟ್‌ಸ್ಪಾಟ್‌ಗೂ ಪ್ರಿಂಟರ್ ಜೋಡಿಸಬಹುದು. ಅಲ್ಲೂ ಅದೇ ಕಥೆ, ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ಬ್ಯಾಂಡ್ 2.4 ಇರಬೇಕು. ಐಫೋನ್‌ನಲ್ಲಿ ‘ಮ್ಯಾಕ್ಸಿಮೈಜ್ ಕಂಪ್ಯಾಟಿಬಿಲಿಟಿ’ ಆನ್ ಮಾಡಿದ್ರೆ ಆಯ್ತು. ಮಗ ಆ ಮೊಬೈಲ್ ತಗೊಂಡು ಕಾಲೇಜಿಗೆ ಹೋದ್ರೆ ಪ್ರಿಂಟರ್‌ಗೂ ಅವತ್ತು ರಜೆ.

ಅಂಗಡಿಯವರು ಗಮನಿಸಬೇಕಾದ್ದು

ಗಿರಾಕಿಗಳಿಗೆ ಅಂಗಡಿ ವೈಫೈ ಪಾಸ್‌ವರ್ಡ್ ಹೇಳೋ ರೂಢಿ ಇದೆ. ಪ್ರಿಂಟರೂ ಲ್ಯಾಪ್‌ಟಾಪೂ ಇರೋ ಅದೇ ವೈಫೈಗೆ ಯಾರ್ಯಾರೋ ಸೇರಿಕೊಳ್ಳೋದು ಒಳ್ಳೇದಲ್ಲ. ರೂಟರ್‌ನಲ್ಲಿ ‘ಗೆಸ್ಟ್ ನೆಟ್‌ವರ್ಕ್’ ಇದ್ರೆ ಅದನ್ನು ಗಿರಾಕಿಗಳಿಗೆ ಕೊಡಿ. ಇಲ್ಲಿ ಒಂದು ವಿಷಯ ನೆನಪಿರಲಿ: ಗೆಸ್ಟ್‌ನಲ್ಲಿರೋರಿಗೆ ಸಾಮಾನ್ಯವಾಗಿ ಪ್ರಿಂಟರ್ ಕಾಣಲ್ಲ. ನಿಮ್ಮದೇ ಮೊಬೈಲ್ ತಪ್ಪಿ ಗೆಸ್ಟ್‌ಗೆ ಹತ್ತಿದ್ರೆ ‘ನಿನ್ನೆ ಬರ್ತಿತ್ತು, ಇವತ್ತು ಪ್ರಿಂಟರೇ ಸಿಗ್ತಿಲ್ಲ’ ಅಂತ ಪರದಾಡಬೇಕಾಗುತ್ತೆ.

ವೈಫೈ ಡೈರೆಕ್ಟ್‌ನ ಪಾಸ್‌ವರ್ಡ್ ಎಷ್ಟೋ ಎಚ್‌ಪಿ ಮಾಡೆಲ್‌ಗಳಲ್ಲಿ ಮೊದಲಿಂದ 12345678 ಅಂತಲೇ ಬಂದಿರುತ್ತೆ. ಬಸ್‌ಸ್ಟ್ಯಾಂಡ್ ಪಕ್ಕ ಅಂಗಡಿ ಇದ್ರೆ ದಾರಿಯಲ್ಲಿ ನಿಂತವರೂ ಅದಕ್ಕೆ ಸೇರಿಕೊಂಡು ಪ್ರಿಂಟ್ ಕಳಿಸಬಹುದು. ಬಳಸದಿದ್ರೆ ಆಫ್ ಮಾಡಿ, ಬಳಸೋದಾದ್ರೆ ಬದಲಿಸಿ.

ಇನ್ನು ವಾಟ್ಸ್‌ಆ್ಯಪ್‌ಗೆ ಬಂದು ಬೀಳೋ ಆಧಾರ್, ಪಾನ್, ಪಾಸ್‌ಬುಕ್ ಫೋಟೋಗಳು. ಪ್ರಿಂಟ್ ಕೊಟ್ಟ ಮೇಲೆ ಅವು ಅಂಗಡಿಯವರ ಮೊಬೈಲ್‌ನಲ್ಲಿ, ಲ್ಯಾಪ್‌ಟಾಪ್‌ನ ಡೌನ್‌ಲೋಡ್ ಫೋಲ್ಡರ್‌ನಲ್ಲಿ ವರ್ಷಗಟ್ಟಲೆ ಕೂತಿರ್ತವೆ. ಸಂಜೆ ಬಾಗಿಲು ಹಾಕೋ ಮುಂಚೆ ಎರಡೂ ಕಡೆ ಅಳಿಸೋದು ಐದು ನಿಮಿಷದ ಕೆಲಸ. ಗಿರಾಕಿಗಳೂ ‘ಅಣ್ಣಾ, ಡಿಲೀಟ್ ಮಾಡಿಬಿಡಿ’ ಅಂತ ಎದುರಿಗೇ ಕೇಳಿ, ನಾಚಿಕೆ ಬೇಡ. ಪೂರ್ತಿ ನಂಬರ್ ಬೇಡದ ಕಡೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣೋ ಮಾಸ್ಕ್ಡ್ ಆಧಾರನ್ನು ಯುಐಡಿಎಐ ವೆಬ್‌ಸೈಟ್‌ನಿಂದ ಇಳಿಸಿಕೊಂಡು ಕೊಡಬಹುದು.

ಆ ಫೋನ್ ನಂಬರ್ ವಿಚಾರ

ಪ್ರಿಂಟರ್ ವೈಫೈಗೆ ಹತ್ತೋಕೆ ಯಾವ ಲೈಸೆನ್ಸೂ ಇಲ್ಲ, ಆ್ಯಕ್ಟಿವೇಶನ್ ಶುಲ್ಕವೂ ಇಲ್ಲ. ‘ಸ್ಕ್ರೀನ್ ತೋರಿಸೋ’ ಆ್ಯಪ್ ಹಾಕಿಸಿದ ಮೇಲೆ ಆ ಕಡೆಯವನಿಗೆ ನಿಮ್ಮ ಮೊಬೈಲ್‌ಗೆ ಬರೋ ಒಟಿಪಿಯೂ ಕಾಣುತ್ತೆ, ನೀವು ಒತ್ತೋ ಅಂಕಿಗಳೂ ಕಾಣಬಹುದು. ಅವನ ಕಣ್ಣಿರೋದು 1,999ರ ಮೇಲಲ್ಲ, ಖಾತೆಯ ಮೇಲೆ. ಕಂಪನಿಯ ನಂಬರ್ ಬೇಕಾದ್ರೆ ಪ್ರಿಂಟರ್ ಡಬ್ಬ, ವಾರಂಟಿ ಕಾರ್ಡ್ ಅಥವಾ ಕಂಪನಿಯದೇ ವೆಬ್‌ಸೈಟ್ ನೋಡಿ. ಗೂಗಲ್‌ನಲ್ಲಿ ಮೇಲೆ ಬಂದ ನಂಬರ್ ಕಂಪನಿಯದೇ ಅನ್ನೋಕೆ ಯಾವ ಖಾತ್ರಿಯೂ ಇಲ್ಲ.

ಈಗಾಗಲೇ ದುಡ್ಡು ಹೋಗಿದ್ರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಇದು ಸೈಬರ್ ವಂಚನೆಗೆ ಅಂತಲೇ ಇರೋ ಸಹಾಯವಾಣಿ. ಎಷ್ಟು ಬೇಗ ಹೇಳ್ತೀರೋ, ಹಣ ಮುಂದಿನ ಖಾತೆಗೆ ಹೋಗದಂತೆ ತಡೆಯೋ ಅವಕಾಶ ಅಷ್ಟು ಜಾಸ್ತಿ. ಬ್ಯಾಂಕಿಗೂ ಹೇಳಿ. ಆ ಆ್ಯಪ್ ತೆಗೆಯೋವರೆಗೆ ಮೊಬೈಲ್ ಇಂಟರ್ನೆಟ್ ಆಫ್ ಇರಲಿ. ಮರ್ಯಾದೆ ಪ್ರಶ್ನೆ ಅಂತ ಸುಮ್ಮನಿದ್ದವರೇ ಹೆಚ್ಚು ಕಳ್ಕೊಳ್ಳೋದು.

ಇನ್ನು, ಏನೇ ಮಾಡಿದ್ರೂ ವೈಫೈ ಹತ್ತದ ದಿನಕ್ಕೆ ಒಂದು ಯುಎಸ್‌ಬಿ ಕೇಬಲ್ ಡ್ರಾಯರ್‌ನಲ್ಲಿರಲಿ. ಒಂದು ತುದಿ ಚಪ್ಪಟೆ, ಇನ್ನೊಂದು ತುದಿ ಚೌಕ ಇರೋದು, ‘ಪ್ರಿಂಟರ್ ಕೇಬಲ್’ ಅಂತ ಕೇಳಿದ್ರೆ ಯಾವ ಕಂಪ್ಯೂಟರ್ ಅಂಗಡಿಯಲ್ಲೂ ಸಿಗುತ್ತೆ. ಚುಚ್ಚಿದ ಕೂಡಲೇ ವಿಂಡೋಸ್ ಅದನ್ನು ಹೊಸ ಪ್ರಿಂಟರ್ ಅಂತ ಪಟ್ಟಿಗೆ ಸೇರಿಸಬಹುದು, ಹೆಸರಿನ ಮುಂದೆ ‘ಕಾಪಿ 1’ ಅಂತ ಇರುತ್ತೆ. ಪ್ರಿಂಟ್ ಕೊಡುವಾಗ ಅದನ್ನೇ ಆರಿಸಿ. ಕೇಬಲ್‌ನಲ್ಲೂ ಬರಲಿಲ್ಲ ಅಂದ್ರೆ ಆಗ ರಿಪೇರಿಯವರನ್ನು ಕರೀರಿ.

ಜೆರಾಕ್ಸ್ ಅಂಗಡಿಯವರು ಅವತ್ತೇ ಸಂಜೆ ಕೇಬಲ್ ತಂದಿಟ್ಟರು. ರಿಪೋರ್ಟ್ ಹಾಳೆಯಲ್ಲಿದ್ದ ಅಡ್ರೆಸ್ ಸಾಲಿಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು, ಗೋಡೆಗೆ ರೂಟರ್ ಪಕ್ಕದಲ್ಲೇ ಅಂಟಿಸಿದ್ದಾರೆ.